ಕಪಿಲೆಯ ಮೇಲಿನ ಕಲ್ಲುಸೇತುವೆಯೂ ಕನ್ನಡಿಗರ ಕರ್ತವ್ಯವೂ

ಸೇತುವೆಯನ್ನು ದಾಟುವವನಿಗೆ ಸೇತುವೆಯು ಕಾಣುವದಿಲ್ಲ. ಅವನ ದೃಷ್ಟಿಯೆಲ್ಲವೂ ಆಚೆಯ ದಡದ ಮೇಲಿರುವದು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎನ್ನುವ ಈ ಲೋಕದಲ್ಲಿ ಮಾತನಾಡದ ಕಲ್ಲುಗಳ ಹಂಗನ್ನು ನೆನೆಯುವವರಾರು? ಆದರೂ ಒಂದು ನಾಡು ತನ್ನನ್ನು ದಾಟಿಸಿದವರನ್ನು ಮರೆತರೆ, ಮುಂದೆ ದಾಟಿಸುವವರು ಆ ನಾಡಿನಲ್ಲಿ ಹುಟ್ಟುವದು ಕಠಿಣವೆಂಬದನ್ನು ವಾಚಕ ಮಹಾಶಯರು ಒಪ್ಪುವರೆಂದು ನಂಬಿ, ಇಂದು ಒಂದು ಹಳೆಯ ಸೇತುವೆಯ ವಿಷಯವಾಗಿ ನಾಲ್ಕು ಮಾತುಗಳನ್ನು ಬರೆಯಲುದ್ಯುಕ್ತನಾಗಿದ್ದೇನೆ.

ಮೈಸೂರಿನಿಂದ ದಕ್ಷಿಣಾಭಿಮುಖವಾಗಿ ಹೋದರೆ ನಂಜನಗೂಡಿನ ಹೊಸ್ತಿಲಲ್ಲಿ ಕಪಿಲಾ ನದಿಯು ಅಡ್ಡವಾಗುವದು. ಭೂಪಟದಲ್ಲಿ ಕಬಿನಿಯೆಂದೂ ಭಕ್ತರ ಬಾಯಲ್ಲಿ ಕಪಿಲೆಯೆಂದೂ ಕರೆಯಿಸಿಕೊಳ್ಳುವ ಈ ನದಿಯು ವಯನಾಡಿನ ಬೆಟ್ಟಗಳಲ್ಲಿ ಹುಟ್ಟಿ, ನಂಜುಂಡೇಶ್ವರನ ಸನ್ನಿಧಿಯನ್ನು ತೊಳೆದು, ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಕೂಡುವದು. ವಯನಾಡಿನಲ್ಲಿ ಮುಂಗಾರು ಬಿರುಸಾದರೆ ಇಲ್ಲಿ ಮಳೆಯ ಹನಿಯಿಲ್ಲದಿದ್ದರೂ ಹೊಳೆಯು ದಡ ಮೀರುವದು. ಇಂಥ ನದಿಗೆ 1735ರಲ್ಲಿ ಮೈಸೂರಿನ ದಳವಾಯಿ ದೇವರಾಜಯ್ಯನು ಕಲ್ಲುಗಾರೆಯ ಸೇತುವೆಯನ್ನು ಕಟ್ಟಿಸಿದನು. ಅದರ ಉದ್ದ ಸುಮಾರು 225 ಮೀಟರು; ಕಂಬಗಳು 56; ಕಂಬಕಂಬಗಳ ನಡುವೆ ನೆತ್ತಿ ಚೂಪಾದ ಕಮಾನುಗಳು. ಸೇತುವೆಯು ಇಂದಿಗೂ ನಿಂತಿದೆ.

ಆಗ ಸಿಂಹಾಸನದ ಮೇಲಿದ್ದ ಇಮ್ಮಡಿ ಕೃಷ್ಣರಾಜ ಒಡೆಯನು ಬಾಲಕ. ಅಧಿಕಾರವೆಲ್ಲವೂ ದಳವಾಯಿಯ ಮನೆತನದ ಕೈಯಲ್ಲಿತ್ತು. ಅರಸರನ್ನು ಹೆಸರಿಗೆ ಮಾತ್ರ ಇರಿಸಿಕೊಂಡು ತಾವೇ ಆಳಿದ ಆ ದಳವಾಯಿಗಳನ್ನು ಇತಿಹಾಸವು ಬಹಳವಾಗಿ ಹೊಗಳಿಲ್ಲ, ನಾವೂ ಹೊಗಳಬೇಕಾದುದಿಲ್ಲ. ಆದರೆ ಅವರ ಒಳಜಗಳಗಳು ಅಡಗಿಹೋದವು, ಅವರ ದಂಡುಗಳು ಚದರಿಹೋದವು, ಅವರ ಅಧಿಕಾರವು ಹೈದರನ ಕೈಸೇರಿತು. ಯಾತ್ರಿಕನನ್ನೂ ರೈತನನ್ನೂ ನೆನಸದೆ ದಾಟಿಸಿದ ಈ ಕಲ್ಲುಗಳು ಮಾತ್ರ ಉಳಿದವು. ಲೋಕೋಪಯೋಗಿಯಾದ ಕಾರ್ಯಕ್ಕೂ ಅಧಿಕಾರದಾಟಕ್ಕೂ ಇರುವ ಭೇದವು ಇದಕ್ಕಿಂತ ಸ್ಪಷ್ಟವಾಗಿ ಇನ್ನೆಲ್ಲಿ ಕಾಣಬೇಕು?

ಈ ಸೇತುವೆಯನ್ನು ನಾನು ಎತ್ತಿ ಹೇಳುವದಕ್ಕೆ ಒಂದು ಕಾರಣವಿದೆ. ಸ್ವರಾಜ್ಯವು ಬಂದುದು 1947ರಲ್ಲಿ. ಆದರೆ ಬುದ್ಧಿಯ ದಾಸ್ಯವು ಆ ದಿನವೇ ಗಂಟುಕಟ್ಟಿ ಹೊರಡಲಿಲ್ಲ. “ಏನೇ ಹೇಳಿರಿ, ರಸ್ತೆ ಸೇತುವೆಗಳನ್ನು ಕಟ್ಟಿಸಿಕೊಟ್ಟವರು ಆಂಗ್ಲರೇ ಅಲ್ಲವೇ?” ಎಂಬ ಮಾತನ್ನು ಕಲಿತ ಜನರ ಕೂಟಗಳಲ್ಲಿ ಈಗಲೂ ಕೇಳುತ್ತೇವೆ. ಈ ವಾದವನ್ನು ತೂಗಿ ನೋಡೋಣ. ಆಂಗ್ಲರ ಕಾಲದಲ್ಲಿ ಅನೇಕ ಸೇತುವೆಗಳು ಕಟ್ಟಲ್ಪಟ್ಟವು, ರೈಲು ಹಾದಿಗಳು ಬಂದವು. ಇದನ್ನು ಅಲ್ಲಗಳೆಯುವದು ಪ್ರಾಮಾಣಿಕತೆಯಲ್ಲ. ಆದರೆ ಅವರು ಬರುವ ಮುನ್ನ ನಮಗೆ ಹೊಳೆ ದಾಟುವ ವಿದ್ಯೆಯೇ ತಿಳಿದಿರಲಿಲ್ಲವೆಂಬ ಭಾವವು ಅದರಲ್ಲಿ ಅಡಗಿದ್ದರೆ ಅದು ಸುಳ್ಳು. ಕಪಿಲೆಯ ಮೇಲೆ ಕಮಾನುಗಳು ಎದ್ದ 1735ರಲ್ಲಿ ಲಂಡನ್ನಿನ ನಡುವೆ ಹರಿಯುವ ಥೇಮ್ಸ್ ನದಿಗೆ ಕಲ್ಲಿನ ಸೇತುವೆಯಿದ್ದುದು ಒಂದೇ ಒಂದು. ನೂರಾರು ವರ್ಷಗಳ ಹಿಂದಿನ ಹಳೆಯ ಲಂಡನ್ ಸೇತುವೆ. ಪಟ್ಟಣದ ಹೊರಗೆ ಪಟ್ನಿ ಎಂಬಲ್ಲಿ 1729ರಲ್ಲಿ ಮರದ ಸೇತುವೆಯೊಂದಾಗಿತ್ತು. ವೆಸ್ಟ್‌ಮಿನ್‌ಸ್ಟರಿನ ಕಲ್ಲುಸೇತುವೆಯ ಮೇಲೆ ಜನರು ನಡೆದಾಡಿದ್ದು 1750ರಲ್ಲಿ. ಆಂಗ್ಲರನ್ನು ಹೀಯಾಳಿಸುವದಕ್ಕಾಗಿ ಇದನ್ನು ಹೇಳುತ್ತಿಲ್ಲ; ನಮ್ಮನ್ನು ನಾವೇ ಹೀಯಾಳಿಸಿಕೊಳ್ಳುವದನ್ನು ಬಿಡೋಣವೆಂದು ಹೇಳುತ್ತಿದ್ದೇನೆ.

ಇನ್ನು ಪ್ರತಿಪಕ್ಷದವರೇ ಕೊಟ್ಟ ಸಾಕ್ಷ್ಯವೊಂದಿದೆ. ನ್ಯಾಯಸ್ಥಾನದಲ್ಲಿ ಇಂಥ ಸಾಕ್ಷ್ಯಕ್ಕೆ ಬೆಲೆ ಹೆಚ್ಚು. 19ನೆಯ ಶತಮಾನದ ಕೊನೆಯ ದಶಕದಲ್ಲಿ ಮೈಸೂರಿನಿಂದ ನಂಜನಗೂಡಿನ ಕಡೆಗೆ ಮೀಟರ್ ಗೇಜ್ ರೈಲು ಹಾದಿಯನ್ನು ಹಾಕಿದಾಗ, ಆಂಗ್ಲ ಪದ್ಧತಿಯಲ್ಲಿ ಕಲಿತ ಎಂಜಿನಿಯರರು ದಳವಾಯಿಯ ಹಳೆಯ ಸೇತುವೆಯನ್ನು ಕೆಡವಲಿಲ್ಲ. ಅದರ ಮೇಲೆಯೇ ಕಂಬಿ ಹಾಸಿದರು. ಒಂದು ಬದಿಗೆ ಗಾಡಿಗಳ ರಸ್ತೆ, ಇನ್ನೊಂದು ಬದಿಗೆ ಉಗಿಬಂಡಿ. ಎತ್ತಿನ ಬಂಡಿಗಾಗಿ ಕಟ್ಟಿದ ಕಮಾನು ನೂರೈವತ್ತು ವರ್ಷಗಳ ತರುವಾಯ ಉಗಿಯಂತ್ರದ ಭಾರವನ್ನು ಹೊತ್ತಿತು. ಅನಂತರ ಮತ್ತೊಂದು ನೂರು ವರ್ಷ ಹೊರುತ್ತಲೇ ಇದ್ದಿತು. 21ನೆಯ ಶತಮಾನದ ಮೊದಲ ದಶಕದಲ್ಲಿ ಹಾದಿಯನ್ನು ಬ್ರಾಡ್ ಗೇಜಿಗೆ ಬದಲಿಸಿದಾಗ ರೈಲಿಗೆ ಬೇರೆ ಸೇತುವೆಯಾಯಿತು. ಹಳೆಯದಕ್ಕೆ ವಿಶ್ರಾಂತಿ ದೊರೆಯಿತು. ಭಾರತದಲ್ಲಿ ರೈಲು ಸಾಗಿದ ಸೇತುವೆಗಳಲ್ಲೆಲ್ಲ ಇದೇ ಅತ್ಯಂತ ಹಳೆಯದೆಂದು ಪ್ರಸಿದ್ಧಿಯಿದೆ.

ಇಷ್ಟು ಶಕ್ತಿಯು ಕಲ್ಲಿಗೆ ಎಲ್ಲಿಂದ ಬಂದಿತು? ಇದನ್ನು ತಿಳಿಯದೆ ಬರಿದೆ ಹೆಮ್ಮೆಪಡುವದು ವ್ಯರ್ಥ. ಕಲ್ಲಿನ ಗುಣವೇನೆಂದರೆ, ಅದನ್ನು ಎಷ್ಟು ಒತ್ತಿದರೂ ತಾಳಿಕೊಳ್ಳುವದು. ಎಳೆದರೆ ಮಾತ್ರ ಬೇಗ ಬಿರಿಯುವದು. ಎರಡು ಕಂಬಗಳ ಮೇಲೆ ಉದ್ದವಾದ ಕಲ್ಲಿನ ತೊಲೆಯನ್ನಿಟ್ಟು ಭಾರ ಹೇರಿದರೆ, ತೊಲೆಯು ಕಣ್ಣಿಗೆ ಕಾಣದಷ್ಟು ಬಾಗಿ, ಅದರ ಮೇಲ್ಮೈಗೆ ಒತ್ತಡವೂ ಕೆಳಮೈಗೆ ಎಳೆತವೂ ಬೀಳುವವು. ಎಳೆತವು ಹೆಚ್ಚಾದರೆ ಕಲ್ಲು ಕೆಳಗಿನಿಂದ ಸೀಳಿಕೊಂಡು ಮುರಿಯುವದು. ಆದುದರಿಂದಲೇ ತೊಲೆಯ ಸೇತುವೆಗಳಲ್ಲಿ ಕಂಬಗಳನ್ನು ತೀರ ಒತ್ತೊತ್ತಾಗಿ ನಿಲ್ಲಿಸಬೇಕಾಗುವದು. ಕಮಾನಿನ ಯುಕ್ತಿಯೇ ಬೇರೆ. ಬೆಣೆಯಂತೆ ಒಂದು ಬದಿಗೆ ಅಗಲವಾಗಿಯೂ ಇನ್ನೊಂದು ಬದಿಗೆ ಕಿರಿದಾಗಿಯೂ ಕಡೆದ ಕಲ್ಲುಗಳನ್ನು ಬಾಗಿಸಿ ಜೋಡಿಸಿದರೆ, ಮೇಲಿನ ಭಾರವು ಒಂದೊಂದು ಕಲ್ಲನ್ನೂ ಅದರ ನೆರೆಯ ಕಲ್ಲಿಗೆ ಒತ್ತುವದು. ಕೆಳಕ್ಕೆ ಬೀಳಬೇಕೆಂಬ ಕಲ್ಲಿಗೆ ಬೀಳಲು ಎಡೆಯೇ ಇರುವದಿಲ್ಲ. ಎಳೆತವೆಂಬದು ಇಲ್ಲವಾಗಿ ಒತ್ತಡ ಮಾತ್ರ ಉಳಿಯುವದು. ಒತ್ತಡವೇ ಕಲ್ಲಿಗೆ ಬಲ.

ಆದರೆ ಈ ಒತ್ತಡವು ಕಮಾನಿನ ಬುಡಕ್ಕೆ ಬಂದು ಕಂಬವನ್ನು ಪಕ್ಕಕ್ಕೆ ನೂಕುವದು. ಚಪ್ಪಟೆಯಾದ ಕಮಾನಿಗೆ ಈ ನೂಕು ಹೆಚ್ಚು, ನೆತ್ತಿ ಎತ್ತರವಾದ ಚೂಪು ಕಮಾನಿಗೆ ಕಡಿಮೆ. ಸಾಲು ಕಮಾನುಗಳಲ್ಲಿ ಎಡಗಡೆಯ ಕಮಾನಿನ ನೂಕನ್ನು ಬಲಗಡೆಯ ಕಮಾನಿನ ನೂಕು ಸರಿದೂಗಿಸಿ, ನಡುವಿನ ಕಂಬವನ್ನು ನೆಟ್ಟಗೆ ನಿಲ್ಲಿಸುವದು. ಒಂದು ಕಮಾನು ಬಿದ್ದರೆ ನೆರೆಯ ಕಂಬಕ್ಕೆ ಒಂದೇ ಕಡೆಯ ನೂಕು ಉಳಿದು, ತೆಳ್ಳನೆಯ ಕಂಬವಾದರೆ ಅದೂ ವಾಲಿ, ಮುಂದಿನದೂ ಬೀಳುವ ಸಂಭವವಿದೆ. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಇದರ ಪ್ರಯೋಜನವಿದೆ.

ಕಟ್ಟುವ ಕ್ರಮವೂ ತಾಳ್ಮೆಯನ್ನು ಬೇಡುವಂಥದು. ನೀರು ಇಳಿದ ಬೇಸಗೆಯ ತಿಂಗಳುಗಳಲ್ಲಿ ಮಾತ್ರ ಹೊಳೆಯೊಳಗೆ ಕೆಲಸ. ಮರಳನ್ನು ತೋಡಿ ಗಟ್ಟಿನೆಲವನ್ನು ಮುಟ್ಟಿ ಅಡಿಪಾಯ ಹಾಕಬೇಕು. ಏಕೆಂದರೆ ಸೇತುವೆಗಳು ಬೀಳುವದು ಹೆಚ್ಚಾಗಿ ಮೇಲಿನ ಭಾರದಿಂದಲ್ಲ, ಬುಡದ ಮಣ್ಣನ್ನು ನೀರು ಕೊರೆದುಕೊಂಡು ಹೋಗುವದರಿಂದ. ಕಂಬಗಳು ಎದ್ದ ಬಳಿಕ ಬಡಗಿಗಳು ಕಮಾನಿನ ಆಕಾರದ ಮರದ ಅಚ್ಚನ್ನು ಅವುಗಳ ನಡುವೆ ನಿಲ್ಲಿಸುವರು. ಕಲ್ಲುಕುಟಿಗರು ಎರಡೂ ಬುಡಗಳಿಂದ ಸಮಸಮನಾಗಿ ಕಲ್ಲುಗಳನ್ನು ಏರಿಸುತ್ತ ಬಂದು ನೆತ್ತಿಯ ಕಲ್ಲನ್ನು ಕೊನೆಗೆ ಕೂಡಿಸುವರು. ಆ ಕಲ್ಲು ಕೂಡುವ ತನಕ ಕಮಾನಿಗೆ ಸ್ವಂತ ಬಲವಿಲ್ಲ. ಅದು ಅಚ್ಚಿನ ಮೇಲೆ ಮಲಗಿರುವ ಕಲ್ಲುಗಳ ಗುಂಪು ಮಾತ್ರ. ಸುಣ್ಣಕಲ್ಲನ್ನು ಸುಟ್ಟು, ನೀರು ಹಾಕಿ ಅರಳಿಸಿ, ಮರಳು ಕೂಡಿಸಿ ಚೆನ್ನಾಗಿ ಅರೆದ ಗಾರೆಯು ಸಂದುಗಳಲ್ಲಿ ನಿಧಾನವಾಗಿ ಗಟ್ಟಿಯಾಗುವದು. ಅದರ ನಿಧಾನವೇ ಅದರ ಗುಣ. ಕಟ್ಟಡವು ಕೂಲಂಕಷವಾಗಿ ಕೂತುಕೊಳ್ಳುವಾಗ ಗಾರೆಯೂ ಅದರೊಡನೆ ತುಸು ಸರಿದುಕೊಳ್ಳುವದು, ಬಿರಿಯುವದಿಲ್ಲ. ಕೊನೆಗೆ ಅಚ್ಚನ್ನು ಇಳಿಸುವ ದಿನವೇ ಪರೀಕ್ಷೆಯ ದಿನ.

ಈ ಪರೀಕ್ಷೆಯು ಎಷ್ಟು ಕಠಿಣವೆಂಬದಕ್ಕೆ ಅದೇ ಕಾಲದ ಒಂದು ಪರದೇಶದ ನಿದರ್ಶನವನ್ನು ಕೊಡುತ್ತೇನೆ. ಬ್ರಿಟನ್ನಿನ ಪಶ್ಚಿಮದಲ್ಲಿ ವೇಲ್ಸ್ ಎಂಬ, ಆಂಗ್ಲ ಭಾಷೆಯಲ್ಲದೆ ತನ್ನದೇ ಭಾಷೆಯುಳ್ಳ, ಸಣ್ಣ ನಾಡಿದೆ. ಅಲ್ಲಿಯ ಟ್ಯಾಫ್ ನದಿಗೆ ಸೇತುವೆ ಕಟ್ಟಲು 1746ರಲ್ಲಿ ವಿಲಿಯಂ ಎಡ್ವರ್ಡ್ಸ್ ಎಂಬವನು ಒಪ್ಪಿಕೊಂಡನು. ಅವನು ಒಕ್ಕಲಿಗ, ಕಲ್ಲುಕೆಲಸವನ್ನು ತಾನಾಗಿಯೇ ಕಲಿತವನು, ತನ್ನ ಜನರಿಗೆ ಧರ್ಮೋಪದೇಶವನ್ನೂ ಮಾಡುತ್ತಿದ್ದವನು. ಅವನ ಮೊದಲ ಸೇತುವೆಯನ್ನು ಕೆಲವೇ ವರ್ಷಗಳಲ್ಲಿ ನೆರೆಯು ಕೊಚ್ಚಿಕೊಂಡು ಹೋಯಿತು. ಹೊಳೆಯೊಳಗೆ ಕಂಬವೇ ಬೇಡವೆಂದು ಒಂದೇ ಕಮಾನಿನ ಸೇತುವೆಯನ್ನು ಅವನು ಹೂಡಿದನು. ಅದರ ಎರಡು ಪಕ್ಕಗಳ ಭಾರವು ಅತಿಯಾಗಿ, ತೆಳ್ಳಗಿದ್ದ ನೆತ್ತಿಯು ಮೇಲಕ್ಕೆ ಚಿಮ್ಮಿ, ಅದೂ ಬಿದ್ದಿತು. ಅವನು ಮತ್ತೆ ಕಟ್ಟಿದನು. ಈ ಸಲ ಎರಡೂ ಪಕ್ಕಗಳಲ್ಲಿ ಮೂರು ಮೂರು ದುಂಡನೆಯ ಕಿಂಡಿಗಳನ್ನು ಬಿಟ್ಟು ಭಾರವನ್ನು ಇಳಿಸಿದನು. 1756ರಲ್ಲಿ ಮುಗಿದ ಆ 140 ಅಡಿಯ ಕಮಾನು ಇಂದಿಗೂ ನಿಂತಿದೆ. ಆ ಊರಿಗೆ ಪಾಂಟಿಪ್ರಿದ್ ಎಂಬ ಹೆಸರು ಸೇತುವೆಯಿಂದಲೇ ಬಂದುದು. ಸೋತು ಸೋತು ಗೆದ್ದ ಆ ಒಕ್ಕಲಿಗನ ಹೆಸರನ್ನು ವೇಲ್ಸಿನ ಜನರು ಇಂದಿಗೂ ಹೇಳುವರು.

ನಾವೇನು ಮಾಡಿದೆವು? ಕಪಿಲೆಯ ಸೇತುವೆಯನ್ನು ಕಟ್ಟಿಸಿದವನ ಹೆಸರು ಉಳಿಯಿತು. ಕಟ್ಟಿದವರ ಹೆಸರು ಒಂದೂ ಜನರ ಬಾಯಲ್ಲಿಲ್ಲ. ಕಾವೇರಿಯ ಮೇಲಣ ಕಥೆಯು ಇನ್ನೂ ವಿಚಿತ್ರ. ಶ್ರೀರಂಗಪಟ್ಟಣದಲ್ಲಿ ದಿವಾನ್ ಪೂರ್ಣಯ್ಯನು 1804ರಲ್ಲಿ ಕಲ್ಲಿನ ಕಂಬ, ಕಲ್ಲಿನ ತೊಲೆಗಳಿಂದ ಸೇತುವೆ ಕಟ್ಟಿಸಿದನು. ಕಲ್ಲು ಈ ನೆಲದ್ದು, ಕೈ ಈ ಜನರದು. ಹೆಸರು ಮಾತ್ರ ಗವರ್ನರ್ ಜನರಲ್ ವೆಲ್ಲೆಸ್ಲಿಯದು! ಶಿವನಸಮುದ್ರದಲ್ಲಿ ರಾಮಸ್ವಾಮಿ ಮುದಲಿಯಾರರು 1830ರ ಸುಮಾರಿಗೆ ಮಾಡಿದ ಸೇತುವೆಗೆ ಮದರಾಸಿನ ಗವರ್ನರ್ ಲಷಿಂಗ್ಟನ್ನನ ಹೆಸರು. ಶಿವನಸಮುದ್ರದ ಹಳೆಯ ಸೇತುವೆಯ ಒಂದು ಭಾಗವು 2018ರ ಕಾವೇರಿಯ ನೆರೆಗೆ ಕುಸಿಯಿತು. ಎರಡು ಶತಮಾನಗಳ ಕಾಲ ನೀರಿಗೆ ಎದೆಯೊಡ್ಡಿದ ಕಲ್ಲುಗಳು ಹೋದುದಕ್ಕೆ ಎಷ್ಟು ಜನ ಮರುಗಿದರು? ಹೆಸರು ಪರರದಾದರೆ ಮಮತೆಯೂ ಪರರದಾಗುವದೋ ಏನೋ!

ಇನ್ನೊಂದು ವಿಚಾರವನ್ನು ಇಲ್ಲಿ ಹೇಳದೆ ಬಿಡಲಾಗದು. ನಮ್ಮ ಪ್ರಾಚೀನ ದೇವಾಲಯಗಳ ಶಿಲ್ಪಿಗಳು ಕಂಬ ತೊಲೆಗಳ ವಿದ್ಯೆಯಲ್ಲಿ ಪಾರಂಗತರು. ಕಮಾನಿನ ವಿದ್ಯೆಯು ಕನ್ನಡ ನೆಲದಲ್ಲಿ ಬೇರೂರಿದುದು ಬಹಮನಿ ಸುಲ್ತಾನರ ಕಾಲದಲ್ಲಿ. 1367ರ ಕಲಬುರ್ಗಿಯ ಜಾಮಿ ಮಸೀದಿ, 1656ರ ವಿಜಾಪುರದ ಗೋಲಗುಮ್ಮಟ ಇವು ಆ ವಿದ್ಯೆಯ ಶಿಖರಗಳು. ವಿಜಯನಗರದ ಕಮಲಮಹಲಿನಲ್ಲಿಯೂ ಅದೇ ಕಮಾನುಗಳಿವೆ. ಹಿಂದೂ ಅರಸರ ದಳವಾಯಿಯು ಶಿವನ ಕ್ಷೇತ್ರಕ್ಕೆ ಹೋಗುವ ಹಾದಿಯಲ್ಲಿ ಚೂಪು ಕಮಾನುಗಳ ಸೇತುವೆಯನ್ನು ಕಟ್ಟಿಸಿದಾಗ, ಈ ರೂಪವು ಯಾರದೆಂದು ಯಾರೂ ಕೇಳಲಿಲ್ಲ. ಅದು ಆಗಲೇ ನಮ್ಮದಾಗಿತ್ತು. ನಮ್ಮ ಸಂವಿಧಾನದ 51ಎ ಅನುಚ್ಛೇದವು ಸಮ್ಮಿಶ್ರ ಸಂಸ್ಕೃತಿಯ ಪರಂಪರೆಯನ್ನು ಕಾಪಾಡುವದು ಪ್ರತಿಯೊಬ್ಬ ಪ್ರಜೆಯ ಕರ್ತವ್ಯವೆಂದು ಹೇಳುವದು. ಆ ಮಾತಿಗೆ ಈ ಸೇತುವೆಗಿಂತ ಉತ್ತಮ ಉದಾಹರಣೆಯು ಬೇಕೆ?

ಈಗ ನಾಡಿನ ಮಾತಿಗೆ ಬರೋಣ. ಹಂಪೆಗೂ ಆನೆಗೊಂದಿಗೂ ನಡುವೆ ತುಂಗಭದ್ರೆಯಲ್ಲಿ ವಿಜಯನಗರದ ಕಾಲದ ಮುರಿದ ಸೇತುವೆಯ ಕಲ್ಲುಕಂಬಗಳು ನಿಂತಿರುವದನ್ನು ಅನೇಕರು ನೋಡಿರಬಹುದು. ಒಂದು ಕಾಲಕ್ಕೆ ಎರಡು ದಡಗಳನ್ನು ಕೂಡಿಸಿದ ಆ ಹೊಳೆಯೇ ಮುಂದೆ ಗಡಿಯಾಯಿತು. ಈಚೆಯ ದಡದ ಹಂಪೆಯು ಮದರಾಸು ಆಧಿಪತ್ಯಕ್ಕೆ, ಆಚೆಯ ದಡದ ಆನೆಗೊಂದಿಯು ನಿಜಾಮನ ಸೀಮೆಗೆ. ಎರಡೂ ಕಡೆ ಒಂದೇ ಭಾಷೆ, ಒಂದೇ ರಕ್ತ. ಕಾಯಿದೆ ಬೇರೆ, ಕಚೇರಿ ಬೇರೆ, ಶಾಲೆಯ ಭಾಷೆಯೂ ಬೇರೆ. 1905ರಲ್ಲಿ ಆ ಹಾಳುಗಳ ನಡುವೆ ಓಡಾಡಿದ ಆಲೂರ ವೆಂಕಟರಾಯರಿಗೆ ಏಕೀಕರಣದ ಹಂಬಲವು ಹೊತ್ತಿಕೊಂಡುದು ಆಶ್ಚರ್ಯವಲ್ಲ. ಮೈಸೂರು, ಮುಂಬಯಿ, ಮದರಾಸು, ಹೈದರಾಬಾದು, ಕೊಡಗು ಎಂದು ಹಂಚಿಹೋಗಿದ್ದ ನಾಡು ಒಂದಾದದ್ದು 1956ರ ನವೆಂಬರ 1ರಂದು. ಕರ್ನಾಟಕವೆಂಬ ಹೆಸರು ದೊರೆತದ್ದು 1973ರಲ್ಲಿ.

ಕಟ್ಟಿದ್ದಾಯಿತು, ಇನ್ನೇನು ಕೆಲಸವೆಂದು ಕೇಳುವವರಿಗೆ ಕಮಾನೇ ಉತ್ತರ ಕೊಡುವದು. ನೆತ್ತಿಯ ಕಲ್ಲು ಕೂಡಿತು, ಹೋರಾಟದ ಅಚ್ಚನ್ನು ಇಳಿಸಿದ್ದೂ ಆಯಿತು. ಇನ್ನು ನಾಡು ತನ್ನ ಭಾಗಗಳ ಪರಸ್ಪರ ಆಧಾರದಿಂದಲೇ ನಿಲ್ಲಬೇಕು. 2002ರಲ್ಲಿ ಡಾಕ್ಟರ್ ನಂಜುಂಡಪ್ಪನವರ ಸಮಿತಿಯು 175 ತಾಲೂಕುಗಳಲ್ಲಿ 114 ಹಿಂದುಳಿದವೆಂದು ಎಣಿಸಿ ಹೇಳಿತು. ಕಲಬುರ್ಗಿಯ ಸೀಮೆಗಾಗಿ ಸಂವಿಧಾನದಲ್ಲಿ 371ಜೆ ಎಂಬ ಅನುಚ್ಛೇದವನ್ನೇ ಸೇರಿಸಬೇಕಾಯಿತು. ಅಲ್ಲಿಯ ಕಮಾನು ಸಡಿಲಾದರೆ ನಮಗೇನೆಂದು ಕಪಿಲೆಯ ದಡದವರು ಸುಮ್ಮನಿರಕೂಡದು. ಇಲ್ಲಿಯ ಸೇತುವೆಯು ಹಾಳಾದರೆ ನಮಗೇನೆಂದು ಭೀಮೆಯ ದಡದವರೂ ಸುಮ್ಮನಿರಕೂಡದು. ಕಂಬವು ನೆಟ್ಟಗೆ ನಿಲ್ಲುವದು ಎರಡೂ ಕಡೆಯ ಕಮಾನುಗಳು ಗಟ್ಟಿಯಾಗಿದ್ದರೆ ಮಾತ್ರ.

“ರೈಲೂ ಹೋಗದ ಹಳೆಯ ಸೇತುವೆಗೆ ಹಣವೇಕೆ? ಆ ಹಣದಿಂದ ಹಳ್ಳಿಗೊಂದು ಶಾಲೆಯಾಗದೆ?” ಎಂದು ಕೆಲವರು ಕೇಳಬಹುದು. ಪ್ರಶ್ನೆಯು ನ್ಯಾಯವಾದುದೇ. ಆದರೆ ಇಂಥ ಕಟ್ಟಡವನ್ನು ಕಾಯುವದಕ್ಕೆ ಬೇಕಾದುದು ಹಣಕ್ಕಿಂತ ಹೆಚ್ಚಾಗಿ ಕಣ್ಣು. ಹಳೆಯ ಸೇತುವೆಯ ನಿಜವಾದ ಶತ್ರು ನೆರೆಯೊಂದೇ ಅಲ್ಲ. ಹಕ್ಕಿಯು ಸಂದಿನಲ್ಲಿ ಬೀಳಿಸಿದ ಅರಳಿಯ ಬೀಜವೂ ಹೌದು. ಚಿಗುರಿನಲ್ಲಿ ಅದನ್ನು ಒಬ್ಬ ಹುಡುಗನು ಕಿತ್ತೊಗೆಯಬಲ್ಲನು. ಹತ್ತು ವರ್ಷ ಬಿಟ್ಟರೆ ಅದರ ಬೇರು ಕಮಾನನ್ನೇ ಸೀಳುವದು. ಮೇಲಿನ ನೀರು ಸಂದುಗಳಿಗೆ ಇಳಿಯದಂತೆ ಮೋರಿಗಳನ್ನು ತೆರವು ಮಾಡಬೇಕು. ಪ್ರತಿ ಮಳೆಗಾಲ ಕಳೆದೊಡನೆ ಕಂಬಗಳ ಬುಡವನ್ನು ಪರೀಕ್ಷಿಸಬೇಕು. ಗಾರೆ ಉದುರಿದಲ್ಲಿ ಸುಣ್ಣದ ಗಾರೆಯನ್ನೇ ತುಂಬಬೇಕು, ಸಿಮೆಂಟನ್ನು ಬಳಿಯಬಾರದು. ಸಿಮೆಂಟು ಅವಸರದ ಜನರಿಗೆ ಪ್ರಿಯವಾದುದು. ಆದರೆ ಅದು ಹಳೆಯ ಗಾರೆಗಿಂತ ಬಿರುಸಾಗಿ, ತೇವವನ್ನು ಒಳಗೇ ಕಟ್ಟಿಹಾಕಿ, ಕಾಪಾಡಹೋದ ಕಲ್ಲನ್ನೇ ಕೆಡಿಸುವದು. ಪ್ರಾಚೀನ ಸ್ಮಾರಕಗಳಿಗಾಗಿ ನಮ್ಮ ರಾಜ್ಯದಲ್ಲಿ 1961ರ ಕಾಯಿದೆಯಿದೆ. ಕಾಯಿದೆಯು ಕಾಗದದ ಮೇಲಿದ್ದರೆ ಸಾಲದು. ಅದನ್ನು ನೆನಪಿಸುವ ನಾಗರಿಕರು ಊರೂರಿನಲ್ಲಿ ಇರಬೇಕು.

ಕೊನೆಯದಾಗಿ ಉಪಾಧ್ಯಾಯ ಬಂಧುಗಳಲ್ಲಿ ಒಂದು ವಿಜ್ಞಾಪನೆ. ನಿಮ್ಮ ಊರಿನ ಸುತ್ತಮುತ್ತ ಹಳ್ಳಕ್ಕೋ ತೊರೆಗೋ ಕಟ್ಟಿದ ಹಳೆಯ ಕಲ್ಲುಸೇತುವೆಯೊಂದು ಇದ್ದೇ ಇರಬಹುದು. ಒಂದು ದಿನ ಹುಡುಗರನ್ನು ಅಲ್ಲಿಗೆ ಕರೆದುಕೊಂಡು ಹೋಗಿರಿ. ಕಂಬಗಳನ್ನು ಎಣಿಸಲಿ, ಕಮಾನಿನ ಅಗಲವನ್ನು ಹಗ್ಗದಿಂದ ಅಳೆಯಲಿ, ನೆತ್ತಿಯ ಕಲ್ಲು ಯಾವದೆಂದು ಬೆರಳಿಟ್ಟು ತೋರಿಸಲಿ. ಯಾರು ಕಟ್ಟಿದರು, ಕಲ್ಲು ಯಾವ ಗುಡ್ಡದಿಂದ ಬಂದಿತು ಎಂದು ಊರ ಮುದುಕರನ್ನು ಕೇಳಿ ಬರೆದುಕೊಳ್ಳಲಿ. ಗಣಿತವೂ ಚರಿತ್ರೆಯೂ ಅಲ್ಲಿ ಒಂದೇ ಪಾಠವಾಗುವವು. ಹೀಗೆ ಬರೆದಿಟ್ಟ ಹಾಳೆಗಳಲ್ಲಿ ಒಬ್ಬ ಕಲ್ಲುಕುಟಿಗನ ಹೆಸರಾದರೂ ದೊರೆತರೆ, ಸೇತುವೆಯ ಬಳಿ ಕನ್ನಡದಲ್ಲಿ ಅದನ್ನು ಕೆತ್ತಿಸಿ ನಿಲ್ಲಿಸುವದು ಊರವರ ಕೆಲಸವಾಗಲಿ.

ನಂಜನಗೂಡಿನ ಜಾತ್ರೆಗೆ ಹೋಗುವ ಕನ್ನಡಿಗರು ದೇವರ ದರ್ಶನವಾದ ಮೇಲೆ ಹೊಳೆಯ ದಡಕ್ಕಿಳಿದು, ಆ ಐವತ್ತಾರು ಕಂಬಗಳನ್ನು ಒಮ್ಮೆ ಕಣ್ತುಂಬ ನೋಡಬೇಕು. ಸಂದಿನಲ್ಲಿ ಅರಳಿಯ ಚಿಗುರು ಕಂಡರೆ ಸುಮ್ಮನೆ ಮನೆಗೆ ಹಿಂದಿರುಗದೆ, ಊರ ಕಚೇರಿಗೆ ಹೋಗಿ ಒಂದು ಅರ್ಜಿಯನ್ನಾದರೂ ಬರೆದುಕೊಟ್ಟು ಬರಬೇಕು. ಹೊತ್ತವರ ಋಣವನ್ನು ತೀರಿಸುವ ಮೊದಲನೆಯ ಹೆಜ್ಜೆಯು ಅಷ್ಟೇ.